ರಟ್ಟಿನ ಮರೆ

ಪ್ರೆಸ್ಸಿನೊಳಗ ಕರಪತ್ರ ಮಡಚಾಕಿ ನಾನು.
ದಿನಕ್ಕ ನಾಕು ಸಾವಿರ. ಹೆಬ್ಬೆಟ್ಟಿನ ಉಗುರು
ಸವದು ಸಪಾಟ ಆಗೇತಿ.
ಗದಗ-ಬೆಟಗೇರಿಯೊಳಗ ಯಾರು ಏನು ಕೊಡತೀನಿ ಅಂತಾರ
ಎಲ್ಲಾರಕಿಂತ ಒಂದಿನ ಮೊದಲ ನನಗ ಗೊತ್ತಾಕ್ಕೈತಿ:
ತೆಂಗಿನಕಾಯಿ ಗುರ್ತಿನ ಮೆಂಬರ ರಾಚಪ್ಪ
ಗಟಾರಕ್ಕ ಕಲ್ಲು ಮುಚ್ಚಸತಾನ,
ಗಾಳಿಪಟದ ಖಾಜೇಸಾಬ
ಮೂರು ದಿನಕ್ಕೊಮ್ಮೆ ನಳಕ್ಕ ನೀರು ಬಿಡಸತಾನ.
ಈಗ ಎಂಟು ದಿನಕ್ಕೊಮ್ಮೆ ಬರತಾವ,
ಅದೂ ರಾತ್ರಿ ಎರಡಕ್ಕ.
ಹೊಲಿಗಿ ಯಂತ್ರದ ಪರವೀನಬಾನು ನದಾಫ
ಒಂದ ಬಣ್ಣ, ತೆಳ್ಳನ ಕಾಗದ, ಬರೇ ಐನೂರು ಪ್ರತಿ.
ಏನೂ ಕೊಡತೀನಿ ಅಂದಿಲ್ಲ. ಫೋನ್ ನಂಬರ್ ಐತಿ.

ಮಡಚುವಾಗ ಒಂದು ಮಾತು ಹುಡುಕತೀನಿ.
ಠಾಣೆ ಅನ್ನೂದು ಎಲ್ಲೂ ಅಚ್ಚಾಗಿಲ್ಲ.

ಕಾರ ಹುಣ್ಣಿವಿ ಆದ ಮಂಗಳವಾರ ರಾತ್ರಿ
ನಮ್ಮ ಮುದಕಪ್ಪನ್ನ ಒಯ್ದರು.
ತಮ್ಮ ನನಗ. ಬಸ್ ಸ್ಟ್ಯಾಂಡಿನ ಬಾಜೂಕ ಕಬ್ಬಿನ ಹಾಲಿನ ಗಾಡಿ.
ಯಾರದೋ ಬೈಕು ಹೋಗಿತ್ತಂತ,
ಇಂವ ಅಲ್ಲೇ ನಿಂತಿದ್ದನಂತ.
ನಿಂದರೂದ ಅವನ ಉದ್ಯೋಗ.

ಠಾಣೆ ಬೆಂಚಿನ ಮ್ಯಾಲೆ ಬೆಳತನಕ ನಾನು.
ಗ್ವಾಡಿ ಮ್ಯಾಲೆ ಒಂದು ಹಲಗಿ,
ಬಿಳೇ ಬಣ್ಣದಾಗ ಫೌಜದಾರರ ಹೆಸರು,
ಬಂದ ತಾರೀಖು, ಹೋದ ತಾರೀಖು.
ಹದಿನೇಳು ಮಂದಿ. ಒಬ್ಬಾಂವ ಬರೇ ನಾಕು ತಿಂಗಳ.
ಯಾರು ಕಳಿಸಿದರು ಇವರನ್ನ, ಯಾರು ತಿರುಗಿ ಕರಸಿಕೊಂಡರು?
ಇಪ್ಪತ್ತೆರಡು ವರ್ಷ ನಾ ಒತ್ತಿದ ಗುಂಡಿ
ಒಂದೂ ಆ ಹಲಗಿ ತನಕ ಮುಟ್ಟಿಲ್ಲ.

ಬೆಳಕ ಹರದ ಮ್ಯಾಲೆ ರಾಚಪ್ಪನ ಮನಿಗೆ ಹೋದೆ.
ಹಲ್ಲುಜ್ಜಿಕೋತ ಒಂದು ಫೋನ್ ಮಾಡಿದ.
"ನಮ್ಮ ಹುಡುಗ ರೀ, ಬಿಟ್ಟು ಬಿಡ್ರಿ."
ಎಂಟೂವರಿಗೆ ಬಿಟ್ಟರು. ಎಡಗಿವಿ ಬಾತಿತ್ತು.
ಕೈ ಮುಗದೆ ರಾಚಪ್ಪಗ.
ಆ ಮುಗದದ್ದು ಮೈದಾ ಅಂಟಿನಂಗ
ಕೈಯಾಗ ಉಳದೈತಿ, ತೊಳದರೂ ಹೋಗವಲ್ದು.

ಪ್ರೂಫ್ ನೋಡೂ ಕಟಗಿ ಮಾಸ್ತರನ್ನ ಕೇಳಿದೆ:
ಮಾಸ್ತರ, ಫೌಜದಾರನ್ನೂ ನಾವ ಆರಿಸಿದ್ರ?
ಚಾಳೀಸು ಏರಿಸಿ ನಕ್ಕರು.
"ಗಂಗವ್ವ, ಆಗ ಅಂವನೂ ನಮ್ಮಲ್ಲೇ ಅಚ್ಚು ಹಾಕಸತಾನ,
ನಾಕು ಬಣ್ಣದಾಗ, ಮೀಸಿ ತಿರುವಿದ ಫೋಟೋ.
ಕೆಳಗ ಏನಂತ ಬರಸತಾನ?
ಯಾರನ್ನ ಹಿಡಿತೀನಿ ಅಂತ ಬರಸತಾನ?"

ಆ ಕಡೀ ಪ್ರಶ್ನಿ ಎರಡು ರಾತ್ರಿ ನಿದ್ದಿ ಕೊಡಲಿಲ್ಲ.
ಯಾರ ಓಣಿ ದೊಡ್ಡದೋ ಅವರನ್ನ ಬಿಡತಾನ.
ಯಾರದು ಸಣ್ಣದೋ,
ನಮ್ಮ ಓಣಿಯೊಳಗ ನೂರಾ ಹನ್ನೆರಡು ಓಟು.

ಕೇಳಾಕ ಬಂದರು. ಮೂರೂ ಮಂದಿಗೆ ನಂದು ಒಂದ ಮಾತು:
ರಾತ್ರಿ ಹನ್ನೊಂದಕ್ಕ ನಮ್ಮ ಹುಡುಗನ್ನ ಒಯ್ದರ ಏನು ಮಾಡತೀರಿ?
"ಫೋನ್ ಮಾಡತೀನಿ. ಮಾಡಿಲ್ಲೇನು?" ರಾಚಪ್ಪ.
"ಅವನಕಿಂತ ಮೊದಲ ಮಾಡತೀನಿ," ಖಾಜೇಸಾಬ.
ಪರವೀನಬಾನು ಹೊಸ್ತಲದಾಗ ಕುಂತಳು, ನೀರು ಕೇಳಿದಳು.
"ನನ್ನ ಫೋನ್ ಅವರು ಎತ್ತೂದಿಲ್ಲ ಅಕ್ಕಾ.
ಬಂದು ನಿನ್ನ ಬಾಜೂಕ ಬೆಂಚಿನ ಮ್ಯಾಲೆ ಕುಂದರತೀನಿ.
ಯಾಕ ಒಯ್ದಿರಿ, ಬರದು ಕೊಡ್ರಿ ಅಂತೀನಿ.
ಕೊಡತಾರೋ ಇಲ್ಲೋ, ಗೊತ್ತಿಲ್ಲ."

ಗೊತ್ತಿಲ್ಲ ಅನ್ನೂದಕ್ಕ ಓಟು ಹಾಕೂದ?
ಹಾಕಿದರ, ನಾಳೆ ಆ ಫೋನ್ ಮಾಡಾಂವ ಯಾರು?

ಸಾಲಿ ಬಾಗಿಲದಾಗ ಬಂದೋಬಸ್ತಿಗೆ ನಿಂತಾಂವ ಅಂವನ,
ಮುದಕಪ್ಪನ ಎಡಗಿವಿ ಬಲ್ಲಾಂವ.
"ಪಾಳಿ ಹಚ್ಚರಿ ಅವ್ವಾರ," ಅಂದ, ಮೆತ್ತಗ.
ಬೆರಳಿಗೆ ಮಸಿ. ನನಗೇನು ಮಸಿ ಹೊಸದಲ್ಲ.
ಮಷೀನಿನ ಸುತ್ತ ನಿಂತ ರಟ್ಟು ಮುಟ್ಟಿ ನೋಡಿದೆ,
ಇಪ್ಪತ್ನಾಕು ಔನ್ಸಿಂದು, ಅಗ್ಗದ್ದು,
ಒಂದ ಮಳಿಗೆ ಮೆತ್ತಗಾಗುವಂಥಾದ್ದು.
ಅಷ್ಟ ಸಾಕಾಗಿತ್ತು:
ಪೊಲೀಸಪ್ಪ ಅದರ ಆಚೆ, ರಾಚಪ್ಪ ಆಚೆ,
ಮಾಸ್ತರ, ತಮ್ಮ, ಎಲ್ಲಾರೂ ಆಚೆ.
ಈಚೆ ನಾನು, ಮೂರು ಹೆಸರು,
ಕಡೀಕ ಯಾರೂ ಬ್ಯಾಡ ಅನ್ನೂ ಗುಂಡಿ.
ಫೌಜದಾರನ ಹೆಸರು ಇರಲಿಲ್ಲ. ಹುಡುಕಿದೆ, ಸುಮ್ಮನ.

"ಆತೇನ್ರಿ?" ಟೇಬಲ್ಲಿನ ಹಿಂದಿಂದ ಬಾಯಾರ ಕೂಗಿದರು.
ಆತು, ಅಂದೆ.
ಆಗಿರಲಿಲ್ಲ ಇನ್ನೂ.