ಎಮ್ಮೆಗೆ ಬರೆ

ಮೊದಲು ದೀಪ.
ನವೆಂಬರಿನಲ್ಲಿ, ತಾಮರಾಕ್ ಗುಡ್ಡ ಇಳಿಯುವಾಗ
ಡ್ಯಾಶ್‌ಬೋರ್ಡಿನ ಮೂಲೆಯಲ್ಲೊಂದು ಹಳದಿ ದೀಪ.
ಎರಡು ಚಕ್ರದ ಗುಂಡಿ ಒತ್ತಿದೆ, ಮಾತಿಲ್ಲ.
ನಾಲ್ಕರದು ಒತ್ತಿದೆ, ಮಾತಿಲ್ಲ.
ಊಟದ ಹೊತ್ತಿನ ಗುಮಾಸ್ತರ ಹಾಗೆ
ಮೂರು ಗುಂಡಿಗಳೂ ಕತ್ತಲೆಯಲ್ಲಿ ಸುಮ್ಮನೆ.
ಆಮೇಲೆ ಒಣರಸ್ತೆಯಲ್ಲಿ, ಯಾರೂ ಕೇಳದೆ,
ಫೋರ್-ವ್ಹೀಲ್ ತಾನಾಗಿಯೇ ಬಿತ್ತು:
ತಿರುವಿನಲ್ಲಿ ಮುಂದಿನೆರಡು ಏರಿಗೆ, ಹಿಂದಿನೆರಡು ನೀರಿಗೆ,
ನಡುವೆ ನಾನು, ಹಲ್ಲು ಕಚ್ಚಿಕೊಂಡು.

ನನ್ನ ದಾರಿಯಲ್ಲಿ ಇನ್ನೂರ ಹನ್ನೊಂದು ಟಪಾಲು ಪೆಟ್ಟಿಗೆ.
ಅರವತ್ತು ಸರೋವರದ ಕಡೆಯ ಇಳಿಜಾರಿನಲ್ಲಿ.
ಅಲ್ಲಿ ಹಿಮ ಬೀಳುವುದಿಲ್ಲ, ಬಂದು ಮಲಗುತ್ತದೆ.
ಏಪ್ರಿಲ್‌ವರೆಗೆ ಏಳುವುದಿಲ್ಲ.

ಟೌನೋ ರುವೋನಾವಾರ, ಶಾಲೆಯ ಬಸ್ಸುಗಳನ್ನು
ಮೂವತ್ತೊಂದು ವರ್ಷ ಓಡುವಂತೆ ಇಟ್ಟವನು,
ಕಣ್ಣು ಮುಚ್ಚಿ ಹೇಳಿದ: ಮೋಟರು.
ಟ್ರಕ್ಕಿನ ಹೊಟ್ಟೆಯಡಿ ರಟ್ಟು ಹಾಸಿ ಮಲಗಿ
ತುಕ್ಕು ಹಿಡಿದ ಬೋಲ್ಟುಗಳಿಗೆ
ಅಜ್ಜನ ಕಾಲದ ಫಿನ್ನಿಶ್ ಬೈಗುಳ ಒಂದೊಂದಾಗಿ ಹಂಚಿದ.
ಮುನ್ನೂರ ನಲವತ್ತು ಡಾಲರ್.
ಹೊಸ ಮೋಟರು ಬಂತು. ದೀಪ ಹೋಗಲಿಲ್ಲ.
ಜ್ವರ ಬಂದದ್ದು ಎತ್ತಿಗೆ, ಬರೆ ಬಿದ್ದದ್ದು ಎಮ್ಮೆಗೆ.

ಎತ್ತು ಮೇಲೆ ಕೂತಿತ್ತು.
ಸ್ಟೀರಿಂಗಿನ ಎಡಕ್ಕೆ, ನನ್ನ ಮೊಣಕಾಲ ಪಕ್ಕ,
ಊಟದ ಡಬ್ಬಿಗಿಂತ ಚಿಕ್ಕದೊಂದು ಕರಿ ಪೆಟ್ಟಿಗೆ.
ಒಂಬತ್ತು ವರ್ಷ ಅದನ್ನು ಒದ್ದುಕೊಂಡೇ ಹತ್ತಿ ಇಳಿದಿದ್ದೇನೆ.
ಎಳೆಯುವುದು ಚಕ್ರಗಳ ತೀರ್ಮಾನ
ಎಂದುಕೊಂಡಿದ್ದೆ.

ಗುಜರಿಯ ಡೆಲ್ಫೀನ್ ಮೆಸ್ನಾರ್ ಹೇಳಿದಳು:
ನಂಬರಿನ ಕೊನೆಯ ನಾಲ್ಕಂಕಿ ಹೊಂದಬೇಕು.
ಮೂರು ಹೊಂದಿದರೆ ನನ್ನ ಮೊದಲ ಮದುವೆಯ ಹಾಗೆ.
ಹಿಮ ಗೋರಿ ಗೋರಿ, ಐದನೆಯ ಸಾಲಿನಲ್ಲಿ ಸಿಕ್ಕಿತು
ಚಾವಣಿ ತಗ್ಗಿದ ಹಸಿರು ಟ್ರಕ್ಕು.
ಕನ್ನಡಿಗೆ ಕಟ್ಟಿದ ಕಾಗದದ ಪೈನ್ ಮರ, ವಾಸನೆ ಸತ್ತದ್ದು.
ಸೀಟಿನ ಸಂದಿಯಲ್ಲಿ ಮೀನಿನ ಗಾಳ, ಒಂದೇ ಕೈಚೀಲ.
ನಾನು ದನಿ ತಗ್ಗಿಸಿ ಕೇಳಿದೆ: ಇದರವನು?
ಫ್ಲಾರಿಡಾದಲ್ಲಿದ್ದಾನೆ, ಅಂದಳು ಡೆಲ್ಫೀನ್,
ಗಾಲ್ಫಿನ ಗಾಡಿ ಓಡಿಸಿಕೊಂಡು, ದಪ್ಪಗಾಗಿ.
ನಲವತ್ತು ಡಾಲರ್. ಗಾಳ ಬಿಟ್ಟಿ.

ಭಾನುವಾರ ಬ್ಯಾಟರಿ ಕಳಚಿದೆ.
ಎರಡು ಸ್ಕ್ರೂ, ಒಂದು ಹಲಗೆ, ಮೂರು ಪ್ಲಗ್ಗು.
ಮೂರನೆಯದರ ನಾಲಿಗೆ ಚಳಿಗೆ ಮುರಿಯಿತು;
ಅದಕ್ಕೆ ದಾರ ಸುತ್ತಿದೆ, ಟಪಾಲಿನ ಕಟ್ಟಿಗೆ ಸುತ್ತುವ ದಾರ.
ಟೌನೋ ಟಾರ್ಚು ಹಿಡಿದಿದ್ದ.
ಮೋಟರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಬಾನೆಟ್ಟಿನ ಮೇಲೆ ಬಟ್ಟೆ ಸುತ್ತಿಟ್ಟ ಬಿಸಿ ನಿಸು ಇತ್ತು,
ಅವನೇ ಸುಟ್ಟ ಬ್ರೆಡ್ಡು; ಏಲಕ್ಕಿ
ಎಂದಿಗಿಂತ ಎರಡರಷ್ಟು.

ಕೀಲಿ ತಿರುಗಿಸಿದೆ.
ನಾನು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ.
ಕೆಳಗೆ ಟ್ರಕ್ಕಿನ ಹೊಟ್ಟೆಯೊಳಗೆ ಏನೋ ನರಳಿ ಹೊರಳಿತು,
ನಾಲ್ಕರ ಕೆಳ ಗೇರಿನ ದೀಪ ಮಿಣುಕತೊಡಗಿತು.
ಆ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು:
ಯಾವುದೋ ಗುಡ್ಡದ ಅರ್ಧದಲ್ಲಿ, ಸೊಂಟದ ಹಿಮದಲ್ಲಿ,
ಯಜಮಾನ ಬಾಗಿಲು ತೆರೆದು ನಡೆದುಹೋದದ್ದು ತಿಳಿಯದೆ
ಕೊನೆಯ ಅಪ್ಪಣೆಯನ್ನು ಹಲ್ಲಲ್ಲಿ ಹಿಡಿದುಕೊಂಡು.
ಕಾಯಿ, ಅಂದ ಟೌನೋ.
ಕಾದೆವು. ಮಿಣುಕು ನಿಂತಿತು. ದೀಪ ನೆಟ್ಟಗಾಯಿತು.
ನ್ಯೂಟ್ರಲ್‌ಗೆ ಹಾಕಿ, ಎರಡರ ಗುಂಡಿಯ ಮೇಲೆ ಬೆರಳಿಟ್ಟು
ಮೆಲ್ಲಗೆ ಒತ್ತಿದೆ,
ಮಲಗಿದವರ ಭುಜ ಮುಟ್ಟುವ ಹಾಗೆ.
ಟಕ್.

ಸೋಮವಾರ ಇಳಿಜಾರಿನ ಅರವತ್ತೂ ಮುಗಿಸಿದೆ.
ನೂರ ಎಂಬತ್ತೆರಡನೆಯ ಪೆಟ್ಟಿಗೆ ಹಿಮದಲ್ಲಿ ಹೂತಿತ್ತು,
ಕೈಯಲ್ಲೇ ತೋಡಿದೆ; ಅದಕ್ಕೆ ಮಾಡ್ಯೂಲ್ ಇಲ್ಲ.

ಹಳೆಯ ಮೋಟರು ಟೌನೋನ ಗರಾಜಿನ ಕಪಾಟಿನಲ್ಲಿದೆ.
ಅದಕ್ಕೊಂದು ಚೀಟಿ ಅಂಟಿಸಿದ್ದಾನೆ,
ಅವನ ಓರೆ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ:
ಇದಕ್ಕೇನೂ ಆಗಿಲ್ಲ.