ತೆಗೆದದ್ದು: ಕೆಮ್ಮು

ಯಾದವಗಿರಿಯ ಆ ಕೋಣೆಗೆ ಕಿಟಕಿ ಇರಲಿಲ್ಲ.
ಗೋಡೆಗೆಲ್ಲ ತೂತು ತೂತಿನ ಹಲಗೆ;
ನಮ್ಮ ಉಸಿರೂ ಬೇರೆ ಯಾರದೋ ಅನ್ನಿಸುವ ಹಾಗೆ.
ಮೇಜಿನ ಮೇಲೆ ಅರ್ಧ ಬ್ಲೇಡು, ಹಳದಿ ಮೇಣದ ಪೆನ್ಸಿಲು,
ಎರಡು ಚಕ್ರಗಳ ನಡುವೆ ಕಂದು ರಿಬ್ಬನ್ನಾಗಿ
ಜಿಲ್ಲೆಯ ಜನ.

ಆಕಾಶವಾಣಿಯಲ್ಲಿ ನಾನು ಕತ್ತರಿಸುವವಳು.
ತಡವರಿಕೆ ಕತ್ತರಿಸಿದ್ದೇನೆ, ನಾಯಿ ಬೊಗಳಿದ್ದು,
ವಿದ್ವಾಂಸರ ಸಂದರ್ಶನದಲ್ಲಿ ನಶ್ಯದ ಸೀನು,
ಭತ್ತದ ತಳಿ ಹೇಳುತ್ತ ಅಧಿಕಾರಿ ತೇಗಿದ್ದು.
ಬೆರಳಿನಿಂದ ರೀಲನ್ನು ಹಿಂದೆ ಮುಂದೆ ಆಡಿಸಿದರೆ
ಮಾತು ಕರಡಿಯ ಗೊರಕೆ.
ಅದರೊಳಗೆ ಒಂದು ಅಕ್ಷರದ ತುದಿ ಹುಡುಕಿ
ಓರೆಯಾಗಿ ಕೊಯ್ಯಬೇಕು.
ನೇರ ಕೊಯ್ದರೆ ಟಕ್ ಅಂದು ಹೇಳಿಬಿಡುತ್ತದೆ.

ಆ ವರ್ಷ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು,
ಕ್ಯಾಂಟೀನಿನಲ್ಲೂ.

ಕಿರುಗಾವಲಿನ ಕಡೆಯಿಂದ ಜೀಪು ತಂದ ಟೇಪು:
ನಿಂಗಾಜಮ್ಮ, ಸುಮಾರು ಅರವತ್ತು, ನಾಟಿ ಪದ.
ಹಾಡು ಮುಗಿಸಿ, ಎಲೆಯಡಿಕೆ ಉಗುಳಿ, ಅದೂ ಕೇಳಿಸುತ್ತದೆ,
ಯಾರೂ ಕೇಳದೆಯೇ ಅಂದಳು:
"ನಾಲೆ ನೀರು ಯಾರ ಗದ್ದೆ ಅಂತ ಕೇಳಾಕಿಲ್ಲ ಸಾಮಿ.
ಬಾವಿ ನೀರು ಕೇಳ್ತದೆ.
ನನ್ ಕೊಡ ಇನ್ನೂ ಕಟ್ಟೆ ಕೆಳಗೇ ಕುಂತದೆ."

"ಹಾಡು ಇರಲಿ," ಅಂದರು ಮೇಲಿನವರು
ಕನ್ನಡಕ ಒರೆಸುತ್ತ.
ಬಾವಿಯ ಬಗ್ಗೆ ಏನೂ ಅನ್ನಲಿಲ್ಲ.
ಅನ್ನಬೇಕಾಗಿರಲಿಲ್ಲ.

ಹನ್ನೊಂದು ಸೆಕೆಂಡು.
ಸೆಕೆಂಡಿಗೆ ಏಳೂವರೆ ಇಂಚಿನಂತೆ
ಏಳು ಅಡಿಗೆ ಎರಡು ಬೆರಳು ಕಮ್ಮಿ.
ಕೊಯ್ದದ್ದನ್ನು ಕೊರಳಿಗೆ ಹಾಕಿಕೊಳ್ಳುವುದು ನಮ್ಮ ರೂಢಿ,
ಮತ್ತೆ ಬೇಕೆಂದರೆ ಕೈಗೆ ಸಿಗಲಿ ಅಂತ.
ಸಂಜೆಯವರೆಗೂ ಹಾಕಿಕೊಂಡಿದ್ದೆ.
ಬೇಕೆನ್ನಲಿಲ್ಲ ಯಾರೂ.
ಬಾವಿಗೆ ಇಳಿಸಿದರೆ ನೀರು ಮುಟ್ಟದಷ್ಟು ಹಗ್ಗ.
ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದೆ,
ತೆಗೆದದ್ದು: ಕೆಮ್ಮು.

ಪ್ರಸಾರದ ದಿನ ಹಾಡು ಬೇಗ ಮುಗಿದು
ಉಳಿದ ಜಾಗಕ್ಕೆ ವೀಣೆ ತುಂಬಿದರು.
ಒಳ್ಳೆಯ ವೀಣೆ. ಮೈಸೂರಿನಲ್ಲಿ ಅದಕ್ಕೆ ಬರವೇ?

ತಿಂಗಳಾದ ಮೇಲೆ ಬಂದಳು, ಬನ್ನೂರು ಬಸ್ಸಿಳಿದು, ನಡೆದು.
ಸೆರಗಿನ ಗಂಟಿನಲ್ಲಿ ಹದಿನೈದು ರೂಪಾಯಿ ಚೆಕ್ಕು
ಮಡಿಸಿ ಮಡಿಸಿ ಬೀಡಿಯಷ್ಟಾಗಿತ್ತು.
"ಇದನ್ನ ಯಾವ ಅಂಗಡೀಲಿ ಮುರಿಸೋದು, ಮಗಾ?"
ಬ್ಯಾಂಕು, ಖಾತೆ, ಸಹಿ ಎಂದೆಲ್ಲ ಹೇಳಿದೆ.
ತಲೆಯಾಡಿಸುತ್ತ ಕೇಳಿದಳು, ಮಕ್ಕಳ ಕಥೆ ಕೇಳುವವರಂತೆ.
ಆಮೇಲೆ:
"ರೇಡಿಯಾ ಚಾವಡೀಲಿ. ನಾವು ಆಚೆ ಹುಣಸೇಮರದ ಬುಡದಲ್ಲಿ.
ಹಾಡು ಬಂತು. ಬಾವಿ ಬರ್ನಿಲ್ವಲ್ಲ?"
"ಟೈಮು ಸಾಲಲಿಲ್ಲ ಅಜ್ಜಿ."
"ಊಂ," ಅಂದಳು. "ಆಮ್ಯಾಕೆ ಯಾರೋ ತಂತಿ ಮೀಟ್ತಿದ್ರು.
ಚೆಂದಾಗಿತ್ತು."

ನನ್ನ ಪರ್ಸಿನಿಂದ ಹದಿನೈದು ಕೊಟ್ಟು
ಚೆಕ್ಕು ಇಟ್ಟುಕೊಂಡೆ. ಅವಳ ಹೆಸರಿನದು,
ನನಗೂ ಮುರಿಯದು. ಇನ್ನೂ ಇದೆ,
ಮಡಿಕೆಗಳಲ್ಲಿ ಹರಿದು.

ಬುಟ್ಟಿಗೆ ಬಿದ್ದ ತುಂಡು ಟೇಪನ್ನೆಲ್ಲ ಅಟೆಂಡರ್ ಮರಿಜವರ
ಊರಿಗೆ ಒಯ್ಯುತ್ತಿದ್ದ, ಗಂಟು ಹಾಕಿ ಹಾಕಿ ಉದ್ದ ಮಾಡಿ.
ತಂಗಿಯ ಮದುವೆಗೆ ಹೋದಾಗ ತೋರಿಸಿದ:
ಹಾಲು ತುಂಬಿದ ರಾಗಿಯ ಮೇಲೆ
ಗೂಟದಿಂದ ಗೂಟಕ್ಕೆ ಬಿಗಿದ ಕಂದು ಎಳೆ
ಗಾಳಿಗೆ ತಿರುಚಿ, ಮಿನುಗಿ
ಗುಂಯ್ ಅನ್ನುತ್ತಿತ್ತು.
ಅದರಲ್ಲಿ ತೇಗು ಯಾವುದು, ಸೀನು ಯಾವುದು,
ಬಾವಿ ಯಾವುದು,
ಪಳಗಿದ ನನ್ನ ಕಿವಿಗೂ ತಿಳಿಯಲಿಲ್ಲ.
ಬದುವಿನ ಮೇಲೆ ರೇಷ್ಮೆ ಸೀರೆ ಎತ್ತಿಕಟ್ಟಿ
ಒಂದು ಎಳೆಗೆ ಕಿವಿ ಕೊಟ್ಟು ನಿಂತೆ.
ಮದುವೆಯವರು ನೋಡುತ್ತಿದ್ದರು.

"ಹಕ್ಕಿ ಹೆದರ್ತವಾ ಮರಿಜವರ?"
"ಮೊದಲ್ನೆ ವರ್ಸ ಹೆದರ್ತವೆ ಮೇಡಮ್ಮೋರೆ," ಅಂದ.
"ಆಮೇಲೆ ಅದರ ಮ್ಯಾಲೇ ಕುಂತ್ಕತವೆ."