ಟ್ರಿಪ್ ಶೀಟು

ಬೆಳಗಿನ ಏಳೂ ಇಪ್ಪತ್ತರ ತೀರ್ಥಹಳ್ಳಿ ಗಾಡಿ.
ಸೀಟು ನಲವತ್ತು, ತಲೆ ಇಪ್ಪತ್ತು.
ಕಿವಿಯ ಸಂದಿಯಿಂದ ಪೆನ್ನು ತೆಗೆದು ಶೀಟಿನಲ್ಲಿ ಬರೆಯುತ್ತೇನೆ: ಇಪ್ಪತ್ತು.
ಓನರಿಗೆ ಅಷ್ಟು ಸಾಕು. ಚೆಕಿಂಗಿಗೆ ಹತ್ತುವ ಲೋಬೊ ಸಾಹೇಬರಿಗೂ ಸಾಕು.
ಯಾರು ಎಲ್ಲಿ ಕೂತರು ಎಂಬುದಕ್ಕೆ
ಆ ಹಾಳೆಯಲ್ಲಿ ಕಾಲಮ್ಮೇ ಇಲ್ಲ.

ಇದಕ್ಕೊಂದು ಶಾಸ್ತ್ರವಿದೆ ಎಂದವರು ಷಣ್ಮುಖಪ್ಪ ಮೇಷ್ಟ್ರು,
ಶಿವಮೊಗ್ಗದಲ್ಲಿ, ಬಿ.ಎಸ್ಸಿ. ಕೊನೇ ವರ್ಷ,
ನಾನು ಎರಡು ಸಲ ಡುಮ್ಕಿ ಹೊಡೆದ ಪೇಪರು.
ನಾಲ್ಕು ನಾಣ್ಯ ಮೇಜಿನ ಮೇಲೆ ಚೆಲ್ಲಿದರು.
ನಾಲ್ಕೂ ಸಿಂಹ ಬೀಳಲು ದಾರಿ ಒಂದೇ,
ಎರಡು ಸಿಂಹ ಎರಡು ಅಂಕಿಗೆ ದಾರಿ ಆರು.
‘ಹೊರಗೆ ಕಾಣುವ ಸ್ಥಿತಿ ಸ್ಥೂಲ.
ಒಳಗೊಳಗೆ ಅದು ಎಷ್ಟು ಬಗೆಯಲ್ಲಿ ಕೂಡಿಬಂದೀತು, ಅದು ಸೂಕ್ಷ್ಮ.
ಪ್ರಕೃತಿ ಯಾರ ಪಕ್ಷವನ್ನೂ ವಹಿಸುವುದಿಲ್ಲ ಕಣ್ರಯ್ಯ,
ದಾರಿ ಜಾಸ್ತಿ ಇರುವ ಕಡೆ ಬಿದ್ದುಕೊಂಡಿರುತ್ತದೆ, ಅಷ್ಟೆ.’
ಹಿಂದಿನ ಬೆಂಚಿನಲ್ಲಿ ನಾವು
ಆ ನಾಲ್ಕು ರೂಪಾಯಿಗೆ ಎಷ್ಟು ಟೀ ಎಂದು ಎಣಿಸುತ್ತಿದ್ದೆವು.

ಈಗ ಗಾಜನೂರಿನ ತನಕ ಹತ್ತುವವರಿಲ್ಲ. ಲೆಕ್ಕ ಹಾಕುತ್ತೇನೆ.
ನಲವತ್ತು ಸೀಟಿಗೆ ಇಪ್ಪತ್ತು ಜನ,
ಹೆಸರು ಕೇಳದೆ, ಬರೀ ತುಂಬಿದ್ದು ಖಾಲಿ ಎಂದು ನೋಡಿದರೂ
ಹದಿಮೂರು ಸಾವಿರದ ಏಳುನೂರ ಎಂಬತ್ತನಾಲ್ಕು ಕೋಟಿ,
ಮೇಲೆ ಅರವತ್ತೈದು ಲಕ್ಷ
ಇಪ್ಪತ್ತೆಂಟು ಸಾವಿರದ ಎಂಟುನೂರ ಇಪ್ಪತ್ತು ಬಗೆ.
ದಿನಕ್ಕೆ ನಾಲ್ಕು ಟ್ರಿಪ್ ಹೊಡೆದು ಒಂದೊಂದಾಗಿ ಮುಗಿಸುತ್ತ ಬಂದರೆ
ಒಂಬತ್ತು ಕೋಟಿ ವರ್ಷ ದಾಟುತ್ತದೆ.
ಅಷ್ಟರಲ್ಲಿ ತುಂಗೆಯೇ ದಿಕ್ಕು ಬದಲಿಸಿರುತ್ತಾಳೆ,
ನಮ್ಮ ಪರ್ಮಿಟ್ ಫೈಲು ಮಾತ್ರ ಅದೇ ಮೇಜಿನ ಮೇಲೆ.

ಎಲ್ಲ ಸೀಟೂ ಸಮ ಎಂದು ಹಿಡಿಯಿರಿ, ಎಂದಿದ್ದರು ಮೇಷ್ಟ್ರು.
ಪಾಪ, ಅವರು ಟಿಕೆಟ್ ಹರಿದವರಲ್ಲ.
ಚಕ್ರದ ಮೇಲಿನ ಸೀಟಿಗೆ ಮೊಣಕಾಲು ಗದ್ದಕ್ಕೆ ಬರುತ್ತದೆ.
ಮೈಮುನ್ನಾ ಬೀಯ ಒಣಮೀನಿನ ಬುಟ್ಟಿಯ ಸುತ್ತ
ಮೂರು ಸೀಟು ತಾನಾಗಿ ಖಾಲಿ.
ಫಿಲೋಮಿನಾ ಸಿಸ್ಟರಿಗೆ ನೈಟ್ ಡ್ಯೂಟಿಯ ನಿದ್ದೆ, ಕಿಟಕಿಯ ಸರಳು ಬೇಕೇ ಬೇಕು.
ಇದೆಲ್ಲ ನನಗೆ ಗೊತ್ತು, ಶೀಟಿಗೆ ಗೊತ್ತಿಲ್ಲ.
ಶೀಟಿಗೆ ಗೊತ್ತಿಲ್ಲದ್ದು ಎಷ್ಟೋ
ಅಷ್ಟೇ ಎಂಟ್ರೊಪಿ ಎಂದು
ಪರೀಕ್ಷೆಯಲ್ಲಿ ಬರೆಯಲು ಆಗ ಹೊಳೆಯಲಿಲ್ಲ.

ಮೊನ್ನೆ ಅವರೇ ಹತ್ತಿದರು. ಅದೇ ಕನ್ನಡಕ, ಹೊಸ ಊರುಗೋಲು.
ನನ್ನ ಗುರುತು ಸಿಗಲಿಲ್ಲ.
ಎಪ್ಪತ್ತೆರಡು ಜನರ ಕ್ಲಾಸು, ಹಾಜರಿಯಲ್ಲಿ ನಾನು ಐವತ್ತನಾಲ್ಕು.
ನಾನೂ ಪೆನ್ನಿನ ತುದಿಯಲ್ಲಿ ಎಣಿಸಿ ಮುಂದೆ ಹೋದೆ:
ಇಪ್ಪತ್ತನೆಯ ತಲೆ.

ಸಕ್ರೆಬೈಲು. ಮಾವುತರು ಆನೆಗಳನ್ನು ನೀರಿಗೆ ಇಳಿಸಿದ್ದರು.
ಒಂದು ಮರಿ ದಡದಲ್ಲೇ ಕೂತು ಹಟ ಹಿಡಿದಿತ್ತು.
‘ಅಯ್ಯೋ ಮರಿ!’ ಎಂದು ಯಾರೋ ಕೂಗಿದ್ದೇ ತಡ,
ಗುಡ್ಡದ ಬದಿ ಇದ್ದವರೆಲ್ಲ ಹೊಳೆ ಬದಿಗೆ.
ಸಿಸ್ಟರು ಎದ್ದಿದ್ದರು. ಮೇಷ್ಟ್ರು ಊರುಗೋಲು ಬಿಟ್ಟಿದ್ದರು.
ಹೊಳೆ ಬದಿಯ ಇಪ್ಪತ್ತು ಸೀಟಿಗೆ ಇಪ್ಪತ್ತು ಜನ,
ಆಚೆ ಬದಿಗೆ ಬುಟ್ಟಿ ಒಂದೇ.
ಅಷ್ಟು ಕೋಟಿಯಲ್ಲಿ ಇರುವ ಆ ಒಂದೇ ಒಂದು ಬಗೆ,
ಒಂಬತ್ತು ಕೋಟಿ ವರ್ಷ ಕಾಯದೆ
ಏಳೂ ಐವತ್ತಕ್ಕೆ ಆಗಿಹೋಯಿತು.
ಅದೃಷ್ಟವಲ್ಲ ಮೇಷ್ಟ್ರೇ, ಆನೆಮರಿ
ಎನ್ನಬೇಕೆಂದುಕೊಂಡೆ. ಗಾಡಿ ವಾಲಿದ್ದಕ್ಕೆ ಡ್ರೈವರು ಬಯ್ಯುತ್ತಿದ್ದ.

ತಿರುವಿನಲ್ಲಿ ಎಲ್ಲರೂ ಚದುರಿದರು,
ಇದ್ದಲ್ಲಿಗೆ ಯಾರೂ ವಾಪಸು ಹೋಗಲಿಲ್ಲ.
ಶೀಟಿನಲ್ಲಿ ಮೊದಲೂ ಇಪ್ಪತ್ತು, ಆಮೇಲೂ ಇಪ್ಪತ್ತು.

ಮಂಡಗದ್ದೆಯಲ್ಲಿ ಮೇಷ್ಟ್ರು ಇಳಿದರು.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದ ಮೂರು ರೂಪಾಯಿ ಕೇಳಲು ಮರೆತರು.
ಕರೆದು ಕೊಡಬಹುದಿತ್ತು. ‘ರೈಟ್’ ಎಂದುಬಿಟ್ಟೆ.
ಅಂಗೈಯಲ್ಲಿ ಮೂರು ನಾಣ್ಯ:
ಎರಡು ಸಿಂಹ, ಒಂದು ಅಂಕಿ.
ಅದಕ್ಕೆ ದಾರಿ ಮೂರು, ಇದು ಯಾವುದೆಂದು ನೋಡುವಷ್ಟರಲ್ಲಿ
ಗಾಡಿ ಕುಲುಕಿತು.